ಒಂದೇ ಬೇರು, ಹಲವು ಹೆಸರು: ಗಡಿನಾಡಿನ ಕನ್ನಡ ಮನೆಗಳಲ್ಲಿ ಗಂಡಸರ ಶಕ್ತಿಮದ್ದಿನ ಚರಿತ್ರೆ

ಈ ಗೋಷ್ಠಿಯಲ್ಲಿ ಇದುವರೆಗೆ ಶಾಸನ, ಶಾಲೆ, ಜಾತ್ರೆ, ಗಡಿ ಆಯೋಗ ಇವುಗಳ ಬಗ್ಗೆ ಮಾತಾಯಿತು. ನಾನು ಆರಿಸಿಕೊಂಡಿರುವುದು ಸ್ವಲ್ಪ ಮುಜುಗರದ ವಿಷಯ. ಗಂಡಸರ ಕಾಮಾಸಕ್ತಿ ಕುಗ್ಗಿದಾಗ, ಶಕ್ತಿ ಇಳಿದಾಗ ನಮ್ಮ ಗಡಿನಾಡಿನ ಕನ್ನಡ ಮನೆಗಳಲ್ಲಿ ಯಾವ ಬೇರು, ಯಾವ ಬೀಜ ಕೊಡುತ್ತಿದ್ದರು, ಆ ಪದ್ಧತಿ ಹೇಗೆ ಬದಲಾಯಿತು ಅನ್ನೋದು. ಇದನ್ನು ವೈದ್ಯನಾಗಿ ಹೇಳುತ್ತಿಲ್ಲ, ನಾನು ವೈದ್ಯನಲ್ಲ. ಚರಿತ್ರೆ ಓದುವವನಾಗಿ ಹೇಳುತ್ತಿದ್ದೇನೆ. ಕೇಳಿದವರು ಮದ್ದು ಮಾಡಿಕೊಳ್ಳಲು ಹೊರಡಬಾರದು ಅಂತ ಮೊದಲೇ ವಿನಂತಿ. ಪ್ರಮಾಣಗಳನ್ನು ಬೇಕಂತಲೇ ಹೇಳುವುದಿಲ್ಲ.

ನಾನು ಅಕ್ಕಲಕೋಟೆ ಸೀಮೆಯವನು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ನಮ್ಮ ಮುತ್ಯಾ ಒಕ್ಕಲುತನದ ಜೊತೆಗೆ ಊರವರಿಗೆ ಗಿಡಮೂಲಿಕೆ ಔಷಧ ಕೊಡುತ್ತಿದ್ದರು. ಅವರದೊಂದು ವಹಿ ಉಳಿದಿದೆ. ಕೆಂಪು ಅರಿವೆಯ ರಟ್ಟು, ಹುಳ ತಿಂದ ಅಂಚು, ಒಂದು ಕಡೆ 1931 ಅಂತ ಇಸವಿ. ಚೇಳು ಕಡಿದರೆ ಏನು, ಕೂಸಿಗೆ ಹೊಟ್ಟೆ ಕಡಿದರೆ ಏನು, ಎತ್ತಿಗೆ ಗಂಟಲು ಕಟ್ಟಿದರೆ ಏನು, ಎಲ್ಲವೂ ಕನ್ನಡ ಭಾಷೆ, ಕನ್ನಡ ಲಿಪಿ. ಒಂದೇ ಒಂದು ಪುಟ ಮಾತ್ರ ಬೇರೆ. ಭಾಷೆ ಕನ್ನಡವೇ, ಆದರೆ ಲಿಪಿ ಮೋಡಿ.

ಮೋಡಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರಾಠಿ ದಫ್ತರಗಳಲ್ಲಿ ಬಳಕೆಯಲ್ಲಿದ್ದ, ಕೈ ಎತ್ತದೆ ಓಡಿಸಿ ಬರೆಯುವ ಲಿಪಿ ಅದು. ನಮ್ಮ ಕಡೆ ಜಮೀನಿನ ಕಾಗದ, ಸಾಲದ ಪತ್ರ ಅದರಲ್ಲೇ ಇರುತ್ತಿದ್ದವು. ಅದನ್ನು ಓದಬಲ್ಲವರು ಕಚೇರಿ ವ್ಯವಹಾರ ಮಾಡುವ ಗಂಡಸರು. ಹೆಂಗಸರಿಗೆ, ಮಕ್ಕಳಿಗೆ ಬರುತ್ತಿರಲಿಲ್ಲ. ನಾನು ಆ ಪುಟವನ್ನು ಸೊಲ್ಲಾಪುರದ ನಿವೃತ್ತ ಮಾಸ್ತರರೊಬ್ಬರ ಹತ್ತಿರ ಒಯ್ದೆ. ಅವರು ನಾಲ್ಕು ಸಾಲು ಓದಿ, ಕನ್ನಡಕ ತೆಗೆದು, "ಇದು ಗಂಡಸರ ಮದ್ದು ಅದರಿ, ಅದಕ್ಕs ಮುಚ್ಚಿ ಬರ್ದಾರ" ಅಂದರು.

ಆ ಪುಟದಲ್ಲಿ ಮೊದಲ ಅರ್ಧ ಮದ್ದೇ ಇಲ್ಲ. ಬರೀ ಪ್ರಶ್ನೆಗಳು. ಬಂದವನು ದಿನಕ್ಕೆ ಎಷ್ಟು ದುಡೀತಾನೆ, ಹೊಟ್ಟೆ ತುಂಬ ಉಣ್ಣುತ್ತಾನೋ ಇಲ್ಲವೋ, ನಿದ್ದೆ ಎಷ್ಟು, ಮನೆಯಲ್ಲಿ ಸಾವು ಆಗಿದೆಯಾ, ಸಾಲ ಇದೆಯಾ, ಮನೆಯವಳ ಜೊತೆ ಜಗಳವಾ. ಕೊನೆಯ ಪ್ರಶ್ನೆ: ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತಾವಾ. ಮುತ್ತಿದರೆ ಈ ಮದ್ದು ಬೇಡ, ಮೊದಲು ಆ ಬ್ಯಾನಿ ನೋಡು ಅಂತ ಬರೆದಿದೆ. ಆಮೇಲೆ ಊಟ: ಗೋಧಿ, ಹಾಲು, ತುಪ್ಪ, ಉದ್ದು. ಕಟ್ಟಕಡೆಗೆ ಮೂರು ಸಾಮಾನು, ಆಸ್ಕಂದ, ಖಾಜಕುಯಿಲಿ ಬೀಜ, ಸರಾಟೆ. ಮೂರಕ್ಕೂ ಹಾಲಿನಲ್ಲಿ ಕುದಿಸುವ ಕ್ರಮ.

ನನಗೆ ಮುಖ್ಯ ಅನ್ನಿಸಿದ್ದು ಆ ಮೂರು ಸಾಮಾನಲ್ಲ, ಮೇಲಿನ ಪ್ರಶ್ನೆಗಳು. ಯಾಕೆ ಅನ್ನೋದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಒಂದು. ವಾಜಿ ಅಂದರೆ ಕುದುರೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೊದಲ ಅಧ್ಯಾಯ ರಸಾಯನ, ಎರಡನೆಯದು ವಾಜೀಕರಣ. ಜ್ವರಕ್ಕಿಂತ ಮೊದಲು ಅದು ಬರುತ್ತದೆ. ಅಲ್ಲಿ ಶುಕ್ರ ಕ್ಷಯಕ್ಕೆ ಕಾರಣ ಹೇಳುವಾಗ ಮುಪ್ಪು, ಚಿಂತೆ, ರೋಗ, ದುಡಿಮೆಯಿಂದ ದೇಹ ಸೊರಗುವುದು, ಉಪವಾಸ, ಅತಿಯಾದ ಸಂಗ ಇವನ್ನು ಎಣಿಸಿದ್ದಾರೆ. ಹದಿನಾರು ವರ್ಷಕ್ಕೆ ಮುಂಚೆ, ಎಪ್ಪತ್ತರ ಆಚೆ ಬೇಡ ಅಂತ ಮಿತಿಯೂ ಇದೆ. ಮನಸ್ಸಿಗೆ ಒಪ್ಪುವ ಹೆಂಡತಿಯೇ ಎಲ್ಲಕ್ಕಿಂತ ದೊಡ್ಡ ವಾಜೀಕರಣ ಅನ್ನುವ ಮಾತೂ ಇದೆ. ಮೂತ್ರಕ್ಕೆ ಇರುವೆ ಬರುವುದನ್ನು ಪ್ರಮೇಹದ ಮುನ್ಸೂಚನೆಗಳಲ್ಲಿ ಚರಕರೇ ಹೇಳಿದ್ದಾರೆ. ನಮ್ಮ ಮುತ್ಯಾ ಚರಕ ಓದಿದ್ದರು ಅಂತ ನನಗನ್ನಿಸುವುದಿಲ್ಲ. ಕೇಳಿ ಕಲಿತ ಮಾತು ಅಷ್ಟು ದೂರ ಹರಿದು ಬಂದಿತ್ತು, ಅಷ್ಟೇ.

ಕನ್ನಡದಲ್ಲೂ ಈ ವಿಷಯ ಮುಚ್ಚುಮರೆಯದಾಗಿರಲಿಲ್ಲ. 11ನೇ ಶತಮಾನದಲ್ಲಿ ಚಂದ್ರರಾಜ 'ಮದನತಿಲಕ' ಬರೆದ. 15ನೇ ಶತಮಾನದಲ್ಲಿ ಕಲ್ಲರಸ 'ಜನವಶ್ಯ' ಬರೆದ. ಎರಡೂ ಕಾಮಶಾಸ್ತ್ರದ ಗ್ರಂಥಗಳು. ವೈದ್ಯದ ಕಡೆ ಬಂದರೆ 12ನೇ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಅವನು ಜೈನ. ಹಾಗಾಗಿ ಮದ್ಯ, ಮಾಂಸ, ಜೇನು ಬಿಟ್ಟ ಔಷಧಗಳನ್ನು ಹೇಳಿದ. ಇದು ನಮ್ಮ ವಿಷಯಕ್ಕೆ ಮುಖ್ಯ, ಯಾಕಂದರೆ ಸಂಸ್ಕೃತದ ಹಳೆಯ ವಾಜೀಕರಣದಲ್ಲಿ ಹೋತದ ಬೀಜವನ್ನು ಹಾಲಿನಲ್ಲಿ ಬೇಯಿಸುವಂಥ ಪ್ರಯೋಗಗಳೂ ಇವೆ. ನಮ್ಮ ಸೀಮೆಯ ಜೈನ, ಲಿಂಗಾಯತ ಮನೆಗಳ ವಹಿಗಳಲ್ಲಿ ನಾನು ಕಂಡದ್ದು ಬರೀ ಹಾಲು, ತುಪ್ಪ, ಕಾಳು, ಬೇರು. ಸೋಮನಾಥನಿಂದಲೇ ಹೀಗಾಯಿತು ಅಂತ ಹೇಳೋಕಾಗಲ್ಲ. ಆದರೆ ಮಾಂಸ ಬಿಟ್ಟ ಔಷಧಕ್ಕೆ ಕನ್ನಡದಲ್ಲಿ ಎಂಟುನೂರು ವರ್ಷದ ದಾರಿ ಇದೆ ಅನ್ನೋದು ನಿಜ.

ಈಗ ಗಡಿಯ ಮಾತಿಗೆ ಬರೋಣ. ಮುತ್ಯಾನ ಪುಟದ ಮೂರು ಸಾಮಾನನ್ನು ಹಿಡಿದುಕೊಂಡು ಕರ್ನಾಟಕದ ಸುತ್ತ ಒಂದು ಸುತ್ತು ಬಂದರೆ ಏನಾಗುತ್ತದೆ ನೋಡಿ.

ಆಸ್ಕಂದ ಅಂದರೆ ಅಶ್ವಗಂಧ. ಹಸಿ ಬೇರಿಗೆ ಕುದುರೆಯ ವಾಸನೆ ಅಂತ ಆ ಹೆಸರು. ಕನ್ನಡದಲ್ಲಿ ಹಿರೇಮದ್ದಿನ ಗಿಡ ಅಂತಲೂ ಇದೆ. ಆದವಾನಿ, ರಾಯದುರ್ಗದ ಕಡೆ ಹೋದರೆ ಇದೇ ತೆಲುಗಿನ ಪೆನ್ನೇರು. ಹೊಸೂರು, ತಾಳವಾಡಿಯಲ್ಲಿ ತಮಿಳಿನ ಅಮುಕ್ಕರಾ, ಸಿದ್ಧ ವೈದ್ಯದ ಚೂರ್ಣಗಳಲ್ಲಿ ದೊಡ್ಡ ಹೆಸರು. ಕಾಸರಗೋಡಿನಲ್ಲಿ ಮಲಯಾಳದ ಅಮುಕ್ಕುರಂ. ಪಶ್ಚಿಮ ತೆಲಂಗಾಣದ ಕನ್ನಡಿಗರು ಹೈದರಾಬಾದಿನ ಹಕೀಮರ ಹತ್ತಿರ ಹೋದರೆ ಅಸಗಂಧ್.

ಖಾಜಕುಯಿಲಿ ಅಂದರೆ ನಮ್ಮ ನಸುಗುನ್ನಿ, ಮುಟ್ಟಿದರೆ ಮೈಯೆಲ್ಲ ತುರಿಸುವ ಕಾಯಿ. ತೆಲುಗಿನಲ್ಲಿ ದೂಲಗೊಂಡಿ, ತಮಿಳಿನಲ್ಲಿ ಪೂನೈಕ್ಕಾಲಿ, ಮಲಯಾಳದಲ್ಲಿ ನಾಯ್ಕುರಣ, ಹಕೀಮರಲ್ಲಿ ಕೌಂಚ್. ಸರಾಟೆ ಅಂದರೆ ನೆಗ್ಗಿಲು ಮುಳ್ಳು. ತೆಲುಗಿನಲ್ಲಿ ಪಲ್ಲೇರು, ತಮಿಳಿನಲ್ಲಿ ನೆರುಂಜಿ, ಅಂಗಡಿಗಳಲ್ಲಿ ಗೋಖರೂ.

ಅಂದರೆ ಗಡಿಯ ಸುತ್ತಲೂ ಬೇರು ಅದೇ, ಬೀಜ ಅದೇ, ಮುಳ್ಳು ಅದೇ. ಬದಲಾಗುವುದು ಹೆಸರು, ಮತ್ತು ಅದನ್ನು ಕೊಡುವ ವೈದ್ಯಪದ್ಧತಿ. ಆಯುರ್ವೇದ, ಸಿದ್ಧ, ಯುನಾನಿ ಮೂರೂ ಕೂಡುವ ಅಂಚಿನಲ್ಲಿ ನಮ್ಮ ಜನ ಇದ್ದಾರೆ. ಹಳೆಯ ವೈದ್ಯರಿಗೆ ಇದು ತೊಂದರೆಯಾಗಿರಲಿಲ್ಲ. ವೀರಶೈವ ವೈದ್ಯ ಬಸವರಾಜನ 'ಬಸವರಾಜೀಯ'ದಲ್ಲಿ ಸಂಸ್ಕೃತದ ಜೊತೆಗೆ ತೆಲುಗು ಇದೆ. ನಮ್ಮ ಮುತ್ಯಾ ಕನ್ನಡ ವಾಕ್ಯದಲ್ಲಿ ಮರಾಠಿ ಹೆಸರು ಬರೆದರು. ಎರಡು ಮೂರು ಭಾಷೆಯ ಹೆಸರು ಬಲ್ಲವನೇ ಗಡಿಯ ವೈದ್ಯ. ಗಿಡ ಕಂಡರೆ ಅವನಿಗೆ ಗುರುತು ಹತ್ತುತ್ತಿತ್ತು. ತೊಂದರೆ ಶುರುವಾದದ್ದು ಗಿಡ ಕಣ್ಣಿಗೆ ಕಾಣದೆ ಬರೀ ಶೀಶೆ ಕಾಣತೊಡಗಿದ ಮೇಲೆ.

ಅದಕ್ಕೆ ಮೊದಲ ಕಾರಣ ಅಂಚೆ. 1877ರಲ್ಲಿ ಭಾರತದ ಅಂಚೆ ಇಲಾಖೆ ವಿ.ಪಿ. ಪದ್ಧತಿ ತಂದಿತು. ಹಣ ಮೊದಲೇ ಕಳಿಸಬೇಕಿಲ್ಲ, ಪೊಟ್ಟಣ ಕೈಗೆ ಬಂದಾಗ ಕೊಟ್ಟರಾಯಿತು. ಸೊಲ್ಲಾಪುರದಂಥ ಊರಿಗೆ ರೈಲು ಬಂದಿತ್ತು, ಗಿರಣಿಗಳು ಬಂದವು. ಹಳ್ಳಿಯಿಂದ ಬಂದ ಗಂಡಸರು ಹೆಂಡಿರು ಮಕ್ಕಳನ್ನು ಬಿಟ್ಟು ಚಾಳಿನಲ್ಲಿ ಇದ್ದು, ರಾತ್ರಿ ಪಾಳಿ ಮಾಡುತ್ತಿದ್ದರು. ದೇಶಭಾಷೆಯ ಪತ್ರಿಕೆಗಳಲ್ಲಿ ಧಾತುಪುಷ್ಟಿಯ ಗುಳಿಗೆಗಳ ಜಾಹೀರಾತು ತುಂಬಿಕೊಂಡವು. ಈ ಜಾಹೀರಾತುಗಳ ದಾಟಿ ಗಮನಿಸಬೇಕು. ಚರಕ ಎಣಿಸಿದ ಚಿಂತೆ, ದುಡಿಮೆ, ಹಸಿವು, ರೋಗ ಇವು ಅಲ್ಲಿ ಇಲ್ಲ. ಒಂದೇ ಕಾರಣ ಉಳಿದಿದೆ: ಹರೆಯದಲ್ಲಿ ನೀನು ಮಾಡಿದ ತಪ್ಪು. ಪೊಟ್ಟಣ ಗುಟ್ಟಾಗಿ ಬರುತ್ತದೆ, ಹೊರಗೆ ಹೆಸರಿರುವುದಿಲ್ಲ ಅನ್ನುವ ಭರವಸೆಯೂ ಜೊತೆಗೆ. ಪ್ರಶ್ನೆ ಕೇಳುವ ವೈದ್ಯ ಹೋದ, ನಾಚಿಕೆ ಬಂತು.

ಧಾತು ಹೋಗುತ್ತದೆ ಅನ್ನುವ ಈ ಭಯ ಎಷ್ಟು ಬೆಳೆಯಿತೆಂದರೆ 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ ಅದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಮೂತ್ರದಲ್ಲಿ ವೀರ್ಯ ಹೋಗುತ್ತಿದೆ, ಅದರಿಂದ ನಿಶ್ಶಕ್ತಿ ಅಂತ ಯುವಕ ನಂಬುತ್ತಾನೆ. ಪರೀಕ್ಷೆ ಮಾಡಿದರೆ ದೇಹದಲ್ಲಿ ದೋಷ ಇರುವುದಿಲ್ಲ, ಆದರೆ ಅವನ ಸಂಕಟ ಸುಳ್ಳಲ್ಲ.

ಎರಡನೆಯ ಕಾರಣ ಕಾಯಿದೆ, ಗಡಿ ಎರಡೂ ಹತ್ತಿರ ಹತ್ತಿರ ಬಂದದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾದವು. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಅದೇ ದಿನ ನಿಜಾಮರ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರಿಗೆ ಬಂದವು, ನಾವು ಅಕ್ಕಲಕೋಟೆ, ಸೊಲ್ಲಾಪುರದವರು ಮುಂಬಯಿ ರಾಜ್ಯದಲ್ಲೇ ಉಳಿದೆವು. ಇದರ ನಡುವೆ, 1954ರಲ್ಲಿ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಬಂತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು ಅದರ 3ನೇ ಕಲಂ ನಿಷೇಧಿಸಿತು. ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1959ರ ಡಿಸೆಂಬರಿನಲ್ಲಿ ಕಾಯಿದೆಯ ಕೆಲವು ಭಾಗ ತೆಗೆದುಹಾಕಿದರೂ ಮುಖ್ಯ ನಿಷೇಧವನ್ನು ಎತ್ತಿಹಿಡಿಯಿತು.

ಆದರೆ ಕಾಯಿದೆ ಒಂದು ಬಾಗಿಲು ಬಿಟ್ಟಿತ್ತು. ನೋಂದಾಯಿತ ವೈದ್ಯನು ತನ್ನ ಜಾಗದಲ್ಲಿ ಇಂಥ ಚಿಕಿತ್ಸೆ ಇದೆ ಅಂತ ಬೋರ್ಡು ಹಾಕಬಹುದು. ಬಸ್ ಸ್ಟ್ಯಾಂಡಿನ ಹತ್ತಿರ 'ಗುಪ್ತರೋಗ' ಅಂತ ಬೋರ್ಡು ಎಲ್ಲರೂ ನೋಡಿದ್ದೇವೆ. ಜಾಹೀರಾತಿನ ಮಾತೂ ಬದಲಾಯಿತು. ನೇರವಾಗಿ ಹೇಳದೆ ಶಕ್ತಿ, ಹುರುಪು, ಕುದುರೆಯ ಚಿತ್ರ. ಗಡಿಯ ಕನ್ನಡಿಗನಿಗೆ ಇದು ಇನ್ನೂ ಕಷ್ಟ. ಅವನು ಸಾಲಿಯಲ್ಲಿ ಓದಿದ ಲಿಪಿ ಒಂದು, ಮನೆಯ ಮಾತು ಒಂದು, ಶೀಶೆಯ ಮೇಲಿನ ಲಿಪಿ ಮತ್ತೊಂದು. ಒಳಗೆ ಏನಿದೆ ಅಂತ ಓದಲಾಗದವನು ಕುದುರೆ ನೋಡಿ ಕೊಳ್ಳುತ್ತಾನೆ.

ಇದು ಊಹೆಯ ಮಾತಲ್ಲ. ನಮ್ಮ ಕಾಕಾನ ಒಪ್ಪಿಗೆ ಪಡೆದು ಈ ಭಾಗ ಹೇಳುತ್ತಿದ್ದೇನೆ. ಅವರು ಸೊಲ್ಲಾಪುರದಲ್ಲಿ ಮಗ್ಗದ ಕೆಲಸ ಮಾಡಿದವರು. ನಲವತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಈ ತೊಂದರೆ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಆರು ವರ್ಷದಲ್ಲಿ ಸೊಲ್ಲಾಪುರ ಬಜಾರಿನ ಒಂದು ಚೂರ್ಣ, ಹೈದರಾಬಾದಿನಿಂದ ಒಂದು ಮಾಜೂನ್, ಲಾರಿ ಓಡಿಸುವ ಗೆಳೆಯ ಕೇರಳದಿಂದ ತಂದ ಒಂದು ಲೇಹ ತೆಗೆದುಕೊಂಡರು. ಒಂದು ಹಿಡಿಸಲಿಲ್ಲ ಅಂತ ಇನ್ನೊಂದು, ಕೊನೆಗೆ ಮೂರೂ ಕೂಡಿಸಿ. ಡಬ್ಬಿಗಳನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದರು. ನಾನು ಆಮೇಲೆ ಮೂರರ ಚೀಟಿಯನ್ನೂ ಓದಿಸಿದೆ. ಒಂದರಲ್ಲಿ ಆಸ್ಕಂದ, ಒಂದರಲ್ಲಿ ಅಸಗಂಧ್, ಒಂದರಲ್ಲಿ ಅಮುಕ್ಕುರಂ. ಮೂರು ರಾಜ್ಯದ ಮೂರು ಮದ್ದು ಅಂತ ಅವರು ತಿಳಿದಿದ್ದರು. ತಿಂದದ್ದು ಒಂದೇ ಬೇರು, ಮೂರು ಪಟ್ಟು.

ಕಾಲಿನ ಗಾಯ ಮಾಯದೇ ಇದ್ದಾಗ ದವಾಖಾನೆಗೆ ಹೋದರು. ರಕ್ತದಲ್ಲಿ ಸಕ್ಕರೆ 340. ಎಷ್ಟು ವರ್ಷದಿಂದ ಇತ್ತೋ, ಯಾರೂ ನೋಡಿರಲಿಲ್ಲ. ಸಕ್ಕರೆ ಕಾಯಿಲೆ ನರವನ್ನೂ ರಕ್ತನಾಳವನ್ನೂ ಹಾಳು ಮಾಡುತ್ತದೆ, ಗಂಡಸರಿಗೆ ಈ ತೊಂದರೆ ಬರಲು ಅದು ಬಹಳ ಸಾಮಾನ್ಯ ಕಾರಣ ಅಂತ ಅಲ್ಲಿನ ಡಾಕ್ಟರು ಹೇಳಿದರು. ಎರಡು ಬೆರಳು ತೆಗೆಯಬೇಕಾಯಿತು. ಆಗ ಚಿಗವ್ವ ನನ್ನ ಹತ್ತಿರ ಆಡಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಆರು ವರ್ಸ ನಾ ಏನೋ ಅಂದ್ಕೊಂಡಿದ್ದೆ ಯಪ್ಪಾ. ನನ್ನ ಮ್ಯಾಗ ಮನಸ ಇಲ್ಲ, ಎಲ್ಲ್ಯರೆ ಬ್ಯಾರೆ ಮಾಡ್ಕೊಂಡಾರ ಅಂತ. ಬಾಯಿ ಬಿಟ್ಟು ಹೇಳಿದ್ರ ಏನ್ ಹೋಗ್ತಿತ್ತು?"

ಮುತ್ಯಾನ ವಹಿ ಅದೇ ಮನೆಯ ಮಾಡದಲ್ಲಿತ್ತು. ಇರುವೆಯ ಪ್ರಶ್ನೆ ಅದರಲ್ಲಿತ್ತು. ಕಾಕಾನಿಗೆ ಮೋಡಿ ಓದಲು ಬರುತ್ತಿರಲಿಲ್ಲ. ಅವರ ಕಾಲಕ್ಕೆ ಸಾಲಿಯಲ್ಲಿ ಮೋಡಿ ಕಲಿಸುವುದು ನಿಂತಿತ್ತು. ಹೆಂಗಸರಿಂದ ಮುಚ್ಚಲು ಬರೆದ ಲಿಪಿ ಮೊಮ್ಮಕ್ಕಳ ಕಾಲದಲ್ಲಿ ಗಂಡಸರಿಗೂ ಮುಚ್ಚಿಹೋಯಿತು.

ಚಾಟ್‌ನಲ್ಲಿ ಕಾಸರಗೋಡಿನ ಒಬ್ಬರು ಕೇಳಿದ್ದಾರೆ: ಹಾಗಾದರೆ ಈ ಬೇರು ಬೀಜಗಳಲ್ಲಿ ಏನೂ ಇಲ್ಲವಾ? ಇದೆ. ನಸುಗುನ್ನಿ ಬೀಜದಿಂದ ಎಲ್-ಡೋಪಾ ಅನ್ನುವ ವಸ್ತುವನ್ನು 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದರು. ಇವತ್ತು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧ ಅದೇ ವಸ್ತು. ಅದು ಮಿದುಳಿನಲ್ಲಿ ಡೋಪಮಿನ್ ಆಗುತ್ತದೆ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಹೆಚ್ಚಾದರೆ ಕಾಮಾಸಕ್ತಿ ಕುಗ್ಗುತ್ತದೆ, ಡೋಪಮಿನ್ ಅದನ್ನು ಹಿಡಿತದಲ್ಲಿಡುತ್ತದೆ. ಆದ್ದರಿಂದ ಹಳಬರ ಅನುಭವಕ್ಕೆ ಒಂದು ಆಧಾರ ಇದ್ದಿರಬಹುದು. ಆದರೆ ಅಷ್ಟು ಬಲವಾದ ವಸ್ತು ಅಂದರೆ ಕಂಡಾಪಟ್ಟೆ ತಿನ್ನುವಂಥದ್ದಲ್ಲ ಅಂತಲೇ ಅರ್ಥ. ಅಶ್ವಗಂಧದ ಮೇಲೆ ಸಣ್ಣ ಪ್ರಮಾಣದ ಪ್ರಯೋಗಗಳು ನಡೆದಿವೆ. ಕೆಲವದರಲ್ಲಿ ವೀರ್ಯಾಣು, ಟೆಸ್ಟೋಸ್ಟಿರೋನ್ ಸ್ವಲ್ಪ ಏರಿದ್ದು ಕಂಡಿದೆ, ಆದರೆ ಅವು ಕೆಲವೇ ವಾರಗಳ ಪ್ರಯೋಗಗಳು. ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಸಕ್ಕರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ನೆಗ್ಗಿಲು ಗಂಡಸರ ಟೆಸ್ಟೋಸ್ಟಿರೋನ್ ಏರಿಸುತ್ತದೆ ಅನ್ನುವುದು ಪ್ರಯೋಗಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ.

ಇನ್ನೊಂದು ಎಚ್ಚರಿಕೆ. ಟೆಸ್ಟೋಸ್ಟಿರೋನ್ ಗುರುತಿಸಿ ತಯಾರಿಸಿದ್ದು 1935ರಲ್ಲಿ. ಸಿಲ್ಡೆನಾಫಿಲ್ ಮಾತ್ರೆ ಮಾರುಕಟ್ಟೆಗೆ ಬಂದದ್ದು 1998ರಲ್ಲಿ. ಆಮೇಲೆ 'ಬರೀ ಗಿಡಮೂಲಿಕೆ' ಅಂತ ಮಾರುವ ಅನೇಕ ಪುಡಿ, ಗುಳಿಗೆಗಳಲ್ಲಿ ಹೇಳದೆ ಕೇಳದೆ ಆ ರಾಸಾಯನಿಕ ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಯಲ್ಲಿ ಸಿಕ್ಕಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವನು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಅರ್ಧ ಗಂಟೆಯಲ್ಲಿ ಗುಣ ತೋರಿಸುವ ಬೇರು ಮುತ್ಯಾನ ವಹಿಯಲ್ಲಿ ಇಲ್ಲ. ಅಲ್ಲಿರುವುದು ತಿಂಗಳುಗಟ್ಟಲೆ ಹಾಲು, ಉದ್ದು, ನಿದ್ದೆ.

ಮತ್ತೊಬ್ಬರು, ಹೊಸೂರಿನವರು, ಹಳೆಯದೆಲ್ಲ ಒಳ್ಳೆಯದು ಅಂತ ಹೇಳುತ್ತಿದ್ದೀರಾ ಅಂತ ಕೇಳಿದ್ದಾರೆ. ಇಲ್ಲ. ಮುತ್ಯಾನೂ ಆ ಪುಟವನ್ನು ಮುಚ್ಚಿಯೇ ಬರೆದರು. ಆ ಪುಟದಲ್ಲಿ ಹೆಂಗಸಿನ ಆಸಕ್ತಿ, ಹೆಂಗಸಿನ ದಣಿವು ಅಂತ ಒಂದು ಸಾಲೂ ಇಲ್ಲ. ಮಕ್ಕಳಾಗದಿದ್ದರೆ ಊರು ಮೊದಲು ಬೆರಳು ತೋರಿಸುತ್ತಿದ್ದದ್ದು ಅವಳ ಕಡೆಗೇ. ಅಷ್ಟಾದರೂ, ಆ ಹಳೆಯ ಪದ್ಧತಿಯಲ್ಲಿ ಮದ್ದಿಗಿಂತ ಮೊದಲು ಕೇಳುವ ಕ್ರಮ ಇತ್ತು. ಅಂಚೆ, ಜಾಹೀರಾತು, ಶೀಶೆ ಬಂದಾಗ ಬೇರು ಉಳಿಯಿತು, ಕೇಳುವ ಕ್ರಮ ಹೋಯಿತು. ನಮ್ಮ ಗಡಿಯಲ್ಲಿ ಲಿಪಿಗಳು ಬೇರೆ ಬೇರೆಯಾದ್ದರಿಂದ ಅದು ಇನ್ನೂ ಬೇಗ ಹೋಯಿತು. ನನ್ನ ವಾದ ಇಷ್ಟೇ.

ಕೊನೆಯದಾಗಿ ಒಂದು ಬೇಡಿಕೆ. ಜತ್ತ, ಮಡಕಶಿರಾ, ತಾಳವಾಡಿ, ವಯನಾಡು, ನೀಲಗಿರಿ, ಗೋವೆ, ಎಲ್ಲ ಕಡೆಯವರೂ ಇಲ್ಲಿ ಸೇರಿದ್ದೀರಿ. ನಿಮ್ಮ ಮನೆಗಳಲ್ಲಿ ಔಷಧದ ಇಂಥ ವಹಿ, ಕಡತ, ಓಲೆ ಇದ್ದರೆ ಬೇರೆ ಲಿಪಿಯಲ್ಲಿ ಬರೆದ ಪುಟ ಇದೆಯಾ ಅಂತ ನೋಡಿ. ತಮಿಳು, ಮಲಯಾಳ, ತೆಲುಗು, ಉರ್ದು, ಮೋಡಿ, ಯಾವುದಾದರೂ ಸರಿ. ಪ್ರಯೋಗ ಮಾಡಲು ಅಲ್ಲ, ಓದಲು. ಮದ್ದಿನ ಹೆಸರಷ್ಟೇ ಬರೆದುಕೊಂಡು ಬಿಡಬೇಡಿ, ಅದರ ಮೇಲೆ ಏನೇನು ಕೇಳಿದ್ದಾರೆ ಅದನ್ನೂ ಬರೆದುಕೊಳ್ಳಿ. ಮತ್ತೆ ಮನೆಯಲ್ಲಿ ಯಾರಾದರೂ ಟ್ರಂಕಿನ ತಳದಲ್ಲಿ ಡಬ್ಬಿ ಇಟ್ಟಿದ್ದು ಕಂಡರೆ ನಗಬೇಡಿ. ಒಂದು ಸಲ ರಕ್ತ ತೋರಿಸಿಕೊಂಡು ಬರೋಣ ನಡೀರಿ ಅಂತ ಕರೆದುಕೊಂಡು ಹೋಗಿ. ಕಾಕಾ ಇದನ್ನು ಹೇಳು ಅಂತಲೇ ನನಗೆ ಒಪ್ಪಿಗೆ ಕೊಟ್ಟದ್ದು.